ರೋಸಲಿಂಡಳ ಪಡುವಣ

ರೋಸಲಿಂಡ್ ಬರೆಟ್ಟೊ ಮಸ್ಕತ್ತಿನ ರೂವಿ ಬಡಾವಣೆಯ ಇಗರ್ಜಿಯಲ್ಲಿ ಸ್ವರ ಎತ್ತಿದಳೆಂದರೆ ಆ ಬೀದಿಯ ಏರ್ ಕಂಡೀಷನರ್‌ಗಳೆಲ್ಲ ನಾಚಿ ಸುಮ್ಮನಾಗುತ್ತಿದ್ದವು. ಅವಳು ಟೈಪ್ ಮಾಡುವ ಸದ್ದು ಕೇಳಿ ಎದುರು ಅಂಗಡಿಯ ಗುಜರಾತಿ ಸೇಠು ಆಲಿಕಲ್ಲು ಮಳೆ ಬಂತೆಂದು ಹೊರಗಿಟ್ಟಿದ್ದ ಬಟ್ಟೆಯ ಥಾನುಗಳನ್ನು ಒಳಗೆಳೆದುಕೊಂಡದ್ದು ಮಸ್ಕತ್ತಿಗೆಲ್ಲ ಗೊತ್ತಿರುವ ಸಂಗತಿ. ಇನ್ನು ಅವಳು ಕ್ರಿಸ್ಮಸ್ಸಿಗೆ ಕರಿಯುವ ನೆವ್ರಿ ಎಂಬ ಸಿಹಿಗಡುಬಿನ ಪರಿಮಳ ಹಿಡಿದು ಒಂದು ಒಂಟೆ ದೂರದ ನಿಜ್ವಾದಿಂದ ನಡೆದುಬಂದಿತ್ತು ಎನ್ನುತ್ತಾರೆ. ಒಂಟೆಯ ವಿಷಯದಲ್ಲಿ ಸ್ವಲ್ಪ ಅನುಮಾನವಿದೆ. ನೆವ್ರಿಯ ವಿಷಯದಲ್ಲಿ ಇಲ್ಲ.

ಉಡುಪಿ ಹತ್ತಿರದ ಕಲ್ಯಾಣಪುರದಿಂದ ಬಂದ ಈ ಹೆಂಗಸು ಬೌಷರ್‌ನಲ್ಲಿದ್ದ ಕಟ್ಟಡ ಸಾಮಗ್ರಿಯ ಕಂಪನಿಯೊಂದರಲ್ಲಿ ಮ್ಯಾನೇಜರ್ ಹಾರ್ಡಿಂಗ್ ಸಾಹೇಬರ ಸೆಕ್ರೆಟರಿ. ಸಾಹೇಬರು ಕಂಪನಿಯನ್ನು ನಡೆಸುತ್ತಾರೆ, ಸಾಹೇಬರನ್ನು ರೋಸಲಿಂಡ್ ನಡೆಸುತ್ತಾಳೆ ಎಂದು ಡ್ರೈವರ್ ಮಮ್ಮದ್ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಲೆಂದು ಅವಳೇ ಕಲಿಸಿದ್ದಳು.

ಇಷ್ಟೆಲ್ಲ ಇದ್ದವಳಿಗೆ ಒಂದೇ ಒಂದು ಇರಲಿಲ್ಲ. ಗಂಡ. ಇದ್ದ, ಆದರೆ ಸೂರ್‌ನಲ್ಲಿದ್ದ.

ಸೂರ್ ಎಂದರೆ ಮಸ್ಕತ್ತಿನಿಂದ ಇಬ್ರಾ ದಾರಿ ಹಿಡಿದು ಅರ್ಧ ದಿನವನ್ನು ರಸ್ತೆಗೆ ತಿನ್ನಿಸಿದ ಮೇಲೆ ಸಿಗುವ ಮೀನಿನ ಊರು, ಮರದ ಹಡಗು ಕಟ್ಟುವ ಊರು. ತೊಂಬತ್ತರ ದಶಕದ ಕೊನೆಗೆ ಅದರ ಪಕ್ಕದಲ್ಲಿ ಗ್ಯಾಸ್ ಸ್ಥಾವರ ಕಟ್ಟುವ ಕೆಲಸ ಶುರುವಾದಾಗ ಹಾರ್ಡಿಂಗ್ ಸಾಹೇಬರು ಅಲ್ಲೊಂದು ಗೋದಾಮು, ಗೋದಾಮಿಗೆ ಅಂಟಿಕೊಂಡಂತೆ ಒಂದು ಆಫೀಸು ತೆರೆದರು. ಗೋದಾಮಿಗೆ ಸ್ಟೋರ್ ಕೀಪರ್ ಆಗಿ ಅವಳ ಗಂಡ ಸಿರಿಲ್‌ನನ್ನು ಕಳುಹಿಸಿದರು. ಅವನು ಗುರುವಾರ ಸಂಜೆ ಮೈತುಂಬ ಧೂಳು ಹೊತ್ತು ಪಿಕಪ್ಪಿನಲ್ಲಿ ಬರುತ್ತಿದ್ದ. ವಾರದ ರಜೆಯ ಶುಕ್ರವಾರ ಪೂಜೆ ಮುಗಿಸಿ, ಊಟ ಮಾಡಿ, ಅದೇ ಧೂಳನ್ನು ಹೊರಲು ಹೋಗುತ್ತಿದ್ದ. ಮದುವೆಯಾಗಿ ವರ್ಷಗಳಾದರೂ ಇಬ್ಬರೂ ಒಟ್ಟಿಗೆ ಕಳೆದ ಸಮಯವನ್ನು ಜೋಡಿಸಿದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲದಷ್ಟೂ ಆಗುತ್ತಿರಲಿಲ್ಲ.

ಸಾಹೇಬರನ್ನು ಕೇಳಿದ್ದರೆ ಆಗುತ್ತಿತ್ತು. ಆದರೆ ಕೇಳುವವಳು ರೋಸಲಿಂಡ್ ಅಲ್ಲ. ಒಂದು ಭಾನುವಾರದ ಕಾಯಿರ್ ಪ್ರಾಕ್ಟೀಸಿನಲ್ಲಿ, ಎಲ್ಲರ ಎದುರು, ಅವಳು ಘೋಷಿಸಿಬಿಟ್ಟಿದ್ದಳು. “ಸಿರಿಲ್ ಇಲ್ಲಿಗೆ ಬರ್ತಾನೆ, ನೋಡ್ತಾ ಇರಿ. ನಾನು ಆ ಮೀನಿನ ಊರಿಗೆ ಹೋಗುವುದುಂಟಾ? ಸಮುದ್ರವೇ ಎದ್ದು ಬಂದು ಕರೆದ್ರೂ ಇಲ್ಲ!” ಹಾಗೆ ಹೇಳಿದ ಮೇಲೆ ಸಾಹೇಬರ ಮುಂದೆ ನಿಂತು ‘ದಯವಿಟ್ಟು ನನ್ನ ಗಂಡನನ್ನು’ ಎಂದು ಬೇಡುವುದೆಂದರೆ ನಾಲಗೆಯೇ ರಾಜೀನಾಮೆ ಕೊಡುತ್ತಿತ್ತು.

ಆ ಹೊತ್ತಿಗೆ ಸಾಹೇಬರ ಹೆಂಡತಿ ಗ್ವೆನ್ ಮೇಡಂ ಆಫೀಸಿಗೆ ಬಂದರು. ಬೆಳ್ಳಿ ಕೂದಲು, ಹತ್ತಿಯ ದೊಗಲೆ ಅಂಗಿ, ಕತ್ತಿನಲ್ಲಿ ಐದು ಮೂಲೆಯ ಪುಟ್ಟ ನಕ್ಷತ್ರ. ಶಿಲುಬೆ ಇರಬೇಕಾದ ಜಾಗದಲ್ಲಿ ನಕ್ಷತ್ರ ಕಂಡು ರೋಸಲಿಂಡಳಿಗೆ ತಡೆಯಲಾಗಲಿಲ್ಲ.

“ಮೇಡಂ, ನೀವು ಯಾವ ಇಗರ್ಜಿಗೆ ಹೋಗುವುದು?”

“ನಾನು ವಿಕ್ಕನ್, ಡಿಯರ್,” ಎಂದರು ಮೇಡಂ, ಮೆಲ್ಲಗೆ.

ವಿಕ್ಕನ್ ಎಂದದ್ದು ರೋಸಲಿಂಡಳ ಕಿವಿಗೆ ‘ವಿಗಾರ್’ ಎಂದು ಬಿತ್ತು. ಕರಾವಳಿಯ ಕ್ರೈಸ್ತರಲ್ಲಿ ವಿಗಾರ್ ಎಂದರೆ ಇಗರ್ಜಿಯ ಮುಖ್ಯ ಪಾದ್ರಿ. ಇಂಗ್ಲೆಂಡಿನಲ್ಲಿ ಹೆಂಗಸರೂ ಪಾದ್ರಿಗಳಾಗಿದ್ದಾರೆಂದು ಅವಳು ಕೇಳಿದ್ದಳು. ಅಂದೇ ಸಂಜೆಗೆ ರೂವಿಯ ಅರ್ಧ ಊರಿಗೆ, ಸಾಹೇಬರ ಹೆಂಡತಿ ದೊಡ್ಡ ವಿಗಾರ್, ತನ್ನ ಕೈ ಹಿಡಿದು ಮಾತಾಡಿದರು ಎಂಬ ಸುದ್ದಿ ತಲುಪಿತು. ಉಳಿದರ್ಧಕ್ಕೆ ಮರುದಿನ ಬೆಳಿಗ್ಗೆ, ಆ ವಿಗಾರಮ್ಮ ಬಿಷಪ್ಪರಿಗಿಂತ ಒಂದು ಮೆಟ್ಟಿಲು ಮೇಲೆ ಎಂಬ ತಿದ್ದುಪಡಿಯೊಂದಿಗೆ ತಲುಪಿತು. ಹೀಗಾಗಿ ಮೇಡಂ, “ಮನೆಯಲ್ಲಿ ಕೆಲವರಿಗೆ ನಮ್ಮ ಆಚರಣೆಯ ಮೊದಲ ಪಾಠ ಹೇಳುತ್ತಿದ್ದೇನೆ, ಬರುತ್ತೀಯಾ? ಹೊರಗೆಲ್ಲ ಹೇಳಬೇಡ,” ಎಂದಾಗ ರೋಸಲಿಂಡ್ ಹೊಸ ಸೀರೆ ಉಟ್ಟು, ಸಾಕ್ಷಿಗೆ ಇರಲೆಂದು ಕೆಳಗಿನ ಫ್ಲ್ಯಾಟಿನ ಅಂಬುಜಮ್ಮನನ್ನೂ ಎಳೆದುಕೊಂಡು ಹೊರಟಳು.

ಅಂಬುಜಮ್ಮ ಮೈಸೂರಿನವರು. ಎಂಜಿನಿಯರ್ ರಾಜಗೋಪಾಲರ ಹೆಂಡತಿ. ಅವರ ಮನೆ ಬಾಗಿಲಿನ ರಂಗೋಲಿ ದಾಟಲು ಮನಸ್ಸಾಗದೆ ಗ್ಯಾಸ್ ಸಿಲಿಂಡರ್ ತರುವವನು ಕಿಟಕಿಯಿಂದ ಕೂಗಿ ಕೇಳುತ್ತಿದ್ದ. ರೋಸಲಿಂಡಳಿಗೂ ಅವರಿಗೂ ದಿನಕ್ಕೊಮ್ಮೆ ಜಗಳ, ದಿನಕ್ಕೆರಡು ಸಲ ಕಾಫಿ.

ಮದೀನತ್ ಸುಲ್ತಾನ್ ಖಾಬೂಸ್ ಎಂಬ ಬಡಾವಣೆಯ ಗುಡ್ಡದ ಮೇಲೆ ಮೇಡಂ ಮನೆ. ಅದರ ಹಿತ್ತಲ ತೋಟದಲ್ಲಿ ಶಾಲೆಯ ಇಬ್ಬರು ಇಂಗ್ಲಿಷ್ ಟೀಚರಮ್ಮಂದಿರು ಆಗಲೇ ಕೂತಿದ್ದರು. ಮೇಜಿನ ಮೇಲೆ ಉಪ್ಪು, ನೀರು, ಮೇಣದ ಬತ್ತಿ, ಕೆಂಡದ ಮಡಕೆ, ಕಪ್ಪು ಹಿಡಿಯ ಒಂದು ಚೂರಿ. ಮೇಡಂ ಪಾಠ ಶುರುಮಾಡಿದ ಮೇಲೆಯೇ ರೋಸಲಿಂಡಳಿಗೆ ಇದು ಪಾದ್ರಿಗಳ ವಿಷಯವಲ್ಲ, ವಿಕ್ಕಾ ಎಂಬ ಬೇರೆಯೇ ದಾರಿ, ಚಂದ್ರನನ್ನೂ ಋತುಗಳನ್ನೂ ಪೂಜಿಸಿ ಮಂತ್ರ ಹಾಕುವ ದಾರಿ ಎಂದು ಗೊತ್ತಾದದ್ದು. ಎದ್ದು ಹೋಗಬಹುದಿತ್ತು. ಆದರೆ ಇಡೀ ರೂವಿಗೆ ಹೇಳಿಯಾಗಿತ್ತು. ಮತ್ತೆ, ‘ಮಂತ್ರ’ ಎಂದ ಕೂಡಲೇ ಅವಳ ಎದೆಯೊಳಗೆ ಸೂರ್ ದಾರಿಯ ಪಿಕಪ್ಪೊಂದು ಗಕ್ಕನೆ ನಿಂತಿತು.

“ಉಪ್ಪು ಶುದ್ಧ ಮಾಡುತ್ತದೆ,” ಎಂದರು ಮೇಡಂ. “ನೀರಿಗೆ ಬೆರೆಸಿ ಸುತ್ತ ಚಿಮುಕಿಸುತ್ತೇವೆ.”

“ನಮ್ಮಲ್ಲೂ ಉಂಟು,” ಎಂದಳು ರೋಸಲಿಂಡ್. “ಮಂತ್ರಿಸಿದ ಉಪ್ಪು. ನಮ್ಮ ಪಾದ್ರಿ ಒಂದು ಚಿಟಿಕೆ ಹಾಕಿದ್ರೆ ಒಂದು ಕೆರೆಯೇ ಶುದ್ಧ.”

“ಲುಬಾನಿನ ಹೊಗೆ ಗಾಳಿಗೆ.” ಲುಬಾನ್ ಎಂದರೆ ಧೂಪ. ಸಲಾಲಾದ ಬೆಟ್ಟಗಳ ಮರದ ಹಾಲು.

“ಇಗರ್ಜಿಯಲ್ಲಿ ಇದೇ. ಬಾಲ ಯೇಸುವಿಗೆ ಮೂವರು ರಾಜರು ತಂದದ್ದೂ ಇದೇ. ಪ್ಯಾಕೆಟು ಬೇರೆ ಇರಬಹುದು.”

“ಉಪ್ಪು ನಿವಾಳಿಸಿ ಹಾಕೋದು ನಮ್ಮಜ್ಜಿ ದಿನಾ ಮಾಡ್ತಿದ್ರು,” ಎಂದು ಅಂಬುಜಮ್ಮ ಬಿಡಲಿಲ್ಲ. “ಜೊತೆಗೆ ಮೆಣಸಿನಕಾಯಿ. ನಿಮ್ಮದರಲ್ಲಿ ಮೆಣಸಿನಕಾಯಿ ಇಲ್ವಾ ಮೇಡಂ? ಹಾಗಾದ್ರೆ ಸಪ್ಪೆ ಬಿಡಿ.”

ಮೇಡಂಗೆ ಬಲು ಸಂತೋಷ. ಇಷ್ಟು ಬೇಗ ಕಲಿಯುವ ಶಿಷ್ಯರನ್ನು ಅವರು ಕಂಡಿರಲಿಲ್ಲ. ಶಿಷ್ಯರಿಗೂ ಅಷ್ಟೇ, ಇಷ್ಟು ಬೇಗ ತಮ್ಮಿಂದ ಕಲಿಯುವ ಗುರುವನ್ನು ಕಂಡಿರಲಿಲ್ಲ. ಒಂದು ವಿಘ್ನ ಮಾತ್ರ ಆಯಿತು. ಕಪ್ಪು ಹಿಡಿಯ ಚೂರಿ ಸುಮ್ಮನೆ ಬಿದ್ದಿದೆಯೆಂದು ರೋಸಲಿಂಡ್ ಅದನ್ನೆತ್ತಿ ತಾನು ತಂದಿದ್ದ ಪ್ಲಮ್ ಕೇಕು ಕೊಯ್ದಳು. ಟೀಚರಮ್ಮಂದಿರು ಎದೆಗೆ ಕೈಯಿಟ್ಟುಕೊಂಡರು. ಅದು ಗಾಳಿಯಲ್ಲಿ ವೃತ್ತ ಬರೆಯಲಿಕ್ಕಿರುವ ಚೂರಿ, ಯಾವ ವಸ್ತುವನ್ನೂ ಕೊಯ್ಯಬಾರದಂತೆ. ಮೇಡಂ ನಕ್ಕು ಚೂರಿಯನ್ನು ಉಪ್ಪುನೀರಿನಲ್ಲಿ ತೊಳೆದರು. ಆಮೇಲೆ ಕೇಕು ತಿಂದರು, ಎರಡು ತುಂಡು. ಆ ಚೂರಿಗೆ ಆ ದಿನದಿಂದ ಶಕ್ತಿ ಹೆಚ್ಚಿತೆಂದು ರೋಸಲಿಂಡಳ ವಾದ.

ಮುಂದಿನ ಪಾಠ ಮಂತ್ರ ಕಟ್ಟುವುದು. “ಮೊದಲ ನಿಯಮ, ಯಾರಿಗೂ ಕೆಡುಕಾಗಬಾರದು,” ಎಂದರು ಮೇಡಂ. “ಎರಡನೆಯದು, ಇನ್ನೊಬ್ಬರ ಮನಸ್ಸನ್ನು ಅವರಿಗೆ ಗೊತ್ತಿಲ್ಲದೆ ಎಳೆಯಬಾರದು. ‘ಇಂಥವನು ಇಲ್ಲಿಗೆ ಬರಲಿ’ ಅನ್ನಬೇಡಿ. ನಿಮಗೆ ಬೇಕಾದ ಬದುಕು ಏನು, ಅದನ್ನು ಹೇಳಿ. ಮಾತು ಚಿಕ್ಕದಿರಲಿ, ಸ್ಪಷ್ಟವಿರಲಿ. ನಿಮ್ಮದೇ ಭಾಷೆಯಲ್ಲಿರಲಿ.”

ಇಲ್ಲೇ ತೊಡಕು. ರೋಸಲಿಂಡ್ ‘ಸಿರಿಲ್ ಮಸ್ಕತ್ತಿಗೆ ಬರಲಿ’ ಎಂದು ಮನಸ್ಸಿನಲ್ಲೇ ಟೈಪ್ ಮಾಡಿ ಮುಗಿಸಿದ್ದಳು. ಅದೀಗ ರದ್ದು. ಅಂಬುಜಮ್ಮನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಮತ್ತೆ ಯೋಚಿಸಿದಳು.

“ಭಾಷೆ ಯಾವುದೂಂತ ಮೊದಲು ನೋಡ್ಬೇಕು,” ಎಂದಳು. “ಕೊಂಕಣಿ ಆಗ್ಲಿಕ್ಕಿಲ್ಲ. ಅದರಲ್ಲಿ ದಿನಾ ಜಪಮಾಲೆ ಹೇಳುವುದು. ಮಾತೆ ಮರಿಯಮ್ಮನಿಗೆ ಕೇಳಿದ್ರೆ ‘ಇದೆಂತ ರೋಸಲಿಂಡ್, ನನ್ನನ್ನು ಬಿಟ್ಟು ಚಂದ್ರನ ಹತ್ರ?’ ಅಂತ ಬೇಜಾರು ಮಾಡ್ಲಿಕ್ಕಿಲ್ವಾ? ತುಳು ಅಂತೂ ಬೇಡವೇ ಬೇಡ. ತುಳುವಿನಲ್ಲಿ ಕರೆದ್ರೆ ನಮ್ಮೂರ ದೈವ ವೀಸಾ ಇಲ್ಲದೆ ಬಂದು ನಿಂತುಬಿಟ್ರೆ?”

“ಇಂಗ್ಲಿಷು?”

“ಅದು ಆಫೀಸಿನ ಭಾಷೆ ಮಾರಾಯ್ರೆ. ಅದರಲ್ಲಿ ಹೇಳಿದ್ದೆಲ್ಲ ಫೈಲಿಗೆ ಹೋಗ್ತದೆ.”

“ಹಾಗಾದ್ರೆ ಕನ್ನಡವೇ ಗತಿ ಅನ್ನಿ.”

“ಗತಿ ಅಂತ ಅಲ್ಲ. ನಾನು ಶಾಲೆಯಲ್ಲಿ ಕನ್ನಡ ಭಾಷಣಕ್ಕೆ ತಾಲೂಕಿಗೇ ಫಸ್ಟು, ಗೊತ್ತುಂಟಾ? ಜಡ್ಜು ಮೂರ್ಛೆ ಹೋಗಿದ್ರು.” ರೋಸಲಿಂಡ್ ಲೋಟ ಕೆಳಗಿಟ್ಟು ಕಣ್ಣುಮುಚ್ಚಿ ಹೇಳಿದಳು: “ನಾನೂ ಸಿರಿಲನೂ ಒಂದೇ ಮಾಡಿನಡಿ ಇರುವ ಹಾಗೆ ಆಗಲಿ.”

ಅಂಬುಜಮ್ಮ ಕಿಸಕ್ಕನೆ ನಕ್ಕರು. “ಏನು ಮಾಡಿನಡಿ? ಮಾಡು ಅಂದ್ರೆ ಏನ್ರೀ ಮಾಡೋದು?”

“ಮಾಡು! ಮನೆಯ ಮೇಲೆ ಹೆಂಚು ಹೊದೆಸ್ತಾರಲ್ಲ, ಅದು ಮಾಡು.”

“ಅದು ನಿಮ್ಮ ಮಂಗಳೂರಿನ ಕನ್ನಡ. ಚಂದ್ರ ಕೇಳಿಸ್ಕೊಂಡು ‘ಏನು ಮಾಡ್ಲಿ, ಏನು ಮಾಡ್ಲಿ’ ಅಂತ ಆಕಾಶದಲ್ಲೇ ನಿಂತ್ಕೊಂಡಾನು, ಪಾಪ! ಒಳ್ಳೆ ಕನ್ನಡದಲ್ಲಿ ಹೇಳ್ರೀ.”

ತಾಲೂಕಿಗೆ ಫಸ್ಟು ಬಂದವಳಿಗೆ ಈ ಮಾತು ನೆತ್ತಿಗೆ ಏರಿತು. ಒಳ್ಳೆ ಕನ್ನಡ ಬೇಕಾ? ಕೇಳಿ ಹಾಗಾದರೆ. ರೋಸಲಿಂಡ್ ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು, ಮೂರ್ಛೆಹೋದ ಆ ಜಡ್ಜನ್ನು ಎದುರಿಗೆ ಕೂರಿಸಿಕೊಂಡವಳಂತೆ ನುಡಿದಳು: “ನಾವಿಬ್ಬರೂ ಒಂದೇ ಸೂರಿನಡಿ ಬಾಳುವಂತಾಗಲಿ!”

ಪಾತ್ರೆ ಸ್ಟ್ಯಾಂಡಿನ ತಟ್ಟೆಗಳು ಟಣ್ಣೆಂದವು. ಅಂಬುಜಮ್ಮ ಒಪ್ಪಲೇಬೇಕಾಯಿತು. “ಹ್ಞೂಂ, ಇದು ಪುಸ್ತಕದ ಕನ್ನಡ. ಸೂರು ಅಂದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ.”

ಯಾರಿಗಾದರೂ ಅರ್ಥವಾಗುತ್ತದೆ ಎಂಬುದೇ ಮುಂದಿನ ಅನಾಹುತ.

ಹುಣ್ಣಿಮೆಯ ಸಂಜೆ ಬಂತು. ಮಗ್ರಿಬ್ ನಮಾಜಿನ ಕರೆ ಮುಗಿದು, ಆಕಾಶ ಇನ್ನೂ ಕಿತ್ತಳೆ ಸಿಪ್ಪೆಯಂತಿತ್ತು. ತೋಟದ ಆಚೆ, ಕೆಳಗೆ, ಕುರುಮ್‌ನ ಸಮುದ್ರ ಹೊಳೆಯುತ್ತಿತ್ತು. ಮೇಡಂ ಚೂರಿಯ ತುದಿಯಿಂದ ಗಾಳಿಯಲ್ಲಿ ವೃತ್ತ ಬರೆದು, ಉಪ್ಪುನೀರು ಚಿಮುಕಿಸಿ, “ಇನ್ನು ಮುಗಿಯುವವರೆಗೆ ಯಾರೂ ಗೆರೆ ದಾಟಬಾರದು,” ಎಂದರು. ನಾಲ್ಕು ದಿಕ್ಕಿಗೆ ನಾಲ್ವರು ನಿಲ್ಲಬೇಕು. ಮೂಡಣಕ್ಕೆ ಗಾಳಿ, ತೆಂಕಣಕ್ಕೆ ಬೆಂಕಿ, ಪಡುವಣಕ್ಕೆ ನೀರು, ಬಡಗಣಕ್ಕೆ ಮಣ್ಣು.

“ರೋಸಲಿಂಡ್, ನೀನು ನೀರಿನ ಬಟ್ಟಲು ಹಿಡಿದು ಪಡುವಣಕ್ಕೆ.”

ರೋಸಲಿಂಡ್ ಬಟ್ಟಲು ಹಿಡಿದು, ಯಾವ ಅನುಮಾನವೂ ಇಲ್ಲದೆ, ಸಮುದ್ರಕ್ಕೆ ಮುಖಮಾಡಿ ನಿಂತಳು.

“ಅದು ಉತ್ತರಾರೀ!” ಎಂದರು ಅಂಬುಜಮ್ಮ. ಅವರು ಮಣ್ಣಿನ ಬಟ್ಟಲು ಹಿಡಿದು ಅದೇ ಜಾಗಕ್ಕೆ ಬಂದಿದ್ದರು. “ಸರೀರಿ ಆ ಕಡೆ.”

“ಎಂತದು ಉತ್ತರ? ಸಮುದ್ರ ಇಲ್ಲಿ ಉಂಟಲ್ಲ! ಸಮುದ್ರ ಇರುವ ಕಡೆ ಪಡುವಣ. ಹುಟ್ಟಿದಾಗಿನಿಂದ ನೋಡ್ತಾ ಇದ್ದೇನೆ.”

“ಅದು ನಿಮ್ಮೂರಲ್ಲಿ! ಇಲ್ಲಿ ಸೂರ್ಯ ಮುಳುಗಿದ್ದು ಆ ಕಡೆ ನೋಡ್ರೀ, ಆ ಮೊಬೈಲ್ ಟವರ್ ಹಿಂದೆ.”

“ಟವರ್ ನೋಡಿ ದಿಕ್ಕು ಹೇಳುವವರ ಹತ್ರ ನಾನೆಂತ ಮಾತಾಡುವುದು?”

ಇಷ್ಟರಲ್ಲಿ ಚಂದ್ರನೇ ಜಗಳ ಬಿಡಿಸಲು ಬಂದ. ತಾಮ್ರದ ಹರಿವಾಣದಷ್ಟಿದ್ದ ಎಂದರೆ ಕಡಿಮೆಯಾದೀತು. ಕಂಬಳದ ಗದ್ದೆಯಷ್ಟಿದ್ದ. ಅವನು ಹುಟ್ಟಿದ್ದು ರೋಸಲಿಂಡಳ ಬಲಗೈ ಕಡೆಯಿಂದ. ಅವಳ ಲೆಕ್ಕದಲ್ಲಿ ಅದು ಬಡಗಣ. ಅಂಬುಜಮ್ಮ ಗೆದ್ದ ನಗೆ ನಕ್ಕರು. ರೋಸಲಿಂಡ್ ಚಂದ್ರನನ್ನು ಮೇಲಿಂದ ಕೆಳಕ್ಕೊಮ್ಮೆ ನೋಡಿ, “ಹೊಸಬ ಇರಬೇಕು. ದಾರಿ ತಪ್ಪಿದ್ದಾನೆ,” ಎಂದಳು. ಜಾಗ ಬಿಟ್ಟು ಕದಲಲಿಲ್ಲ.

ಮೇಡಂ ಇಬ್ಬರ ಭುಜದ ಮೇಲೂ ಕೈಯಿಟ್ಟರು. “ನಮ್ಮಲ್ಲಿ ಕೆಲವರು ದಿಕ್ಸೂಚಿ ನೋಡುತ್ತಾರೆ, ಕೆಲವರು ನೆಲ ನೋಡುತ್ತಾರೆ. ನೀರು ಎಲ್ಲಿದೆಯೋ ನೀರಿನ ದಿಕ್ಕು ಅಲ್ಲಿ. ರೋಸಲಿಂಡ್, ನಿನ್ನ ಸಮುದ್ರ ಇರುವ ಕಡೆಯೇ ನಿನ್ನ ಪಡುವಣ. ಎಲ್ಲರೂ ಒಂದೊಂದು ದಿಕ್ಕು ತಿರುಗಿ ನಿಲ್ಲಿ.”

ಹೀಗೆ ಒಬ್ಬ ಕಲ್ಯಾಣಪುರದ ಹೆಂಗಸಿಗಾಗಿ ಅರಬಸ್ತಾನದ ನಾಲ್ಕೂ ದಿಕ್ಕುಗಳು ಎದ್ದು ಜಾಗ ಬದಲಿಸಿದವು. ಬೆಂಕಿ ಹಿಡಿದ ಟೀಚರಮ್ಮ ಟವರಿನತ್ತ ಹೋದರು. ಅಂಬುಜಮ್ಮ ಮಣ್ಣಿನ ಬಟ್ಟಲು ಹೊತ್ತು, “ರಾಮರಾಮ, ಮೈಸೂರಲ್ಲಿ ಯಾರಿಗೂ ಹೇಳ್ಬೇಡಿ,” ಎನ್ನುತ್ತ ಚಂದ್ರನ ಕಡೆ ನಡೆದರು.

ಈಗ ಮಂತ್ರ. ಪದ್ಧತಿ ಹೀಗೆ: ಕೈಕೈ ಹಿಡಿದು ಸುತ್ತಬೇಕು. ಬಯಕೆ ಹೊತ್ತವಳು ತನ್ನ ಮಾತನ್ನು ಮೊದಲು ಮೆಲ್ಲಗೆ ಹೇಳಬೇಕು, ಆಮೇಲೆ ಬೇಗ, ಇನ್ನೂ ಬೇಗ. ಉಳಿದವರು ಜೊತೆಗೂಡಬೇಕು. ವೇಗ ಏರಿದಂತೆ ಮಾತು ತಾನಾಗಿ ಸವೆದು ಒಂದೇ ಪದ ಉಳಿಯುತ್ತದೆ. ಆ ಪದದಲ್ಲಿ ಶಕ್ತಿಯೆಲ್ಲ ಒಟ್ಟಾದಾಗ ಕೈ ಮೇಲೆತ್ತಿ ಬಿಟ್ಟುಬಿಡಬೇಕು.

“ನಾವಿಬ್ಬರೂ ಒಂದೇ ಸೂರಿನಡಿ ಬಾಳುವಂತಾಗಲಿ,” ಎಂದು ರೋಸಲಿಂಡ್ ಆರಂಭಿಸಿದಳು. ಮೊದಲ ಸುತ್ತಿನಲ್ಲಿ ಅದು ಭಾಷಣವಾಗಿತ್ತು. ಎರಡನೆಯದರಲ್ಲಿ ಹಾಡಾಯಿತು. ಆಮೇಲೆ ಅವಳಿಗೆ ಗುರುವಾರದ ಸಂಜೆಗಳು, ಬಾಗಿಲಲ್ಲಿ ಬಿಚ್ಚಿಟ್ಟ ಧೂಳಿನ ಬೂಟು, ಶುಕ್ರವಾರ ಊಟದ ನಡುವೆ ಗಡಿಯಾರ ನೋಡುವ ಸಿರಿಲ್‌ನ ಕಣ್ಣು ನೆನಪಾದವು. ಭಾಷಣವೂ ಹಾಡೂ ಬಿದ್ದುಹೋಗಿ ಬರೀ ಗಂಟಲು ಉಳಿಯಿತು. “ಒಂದೇ ಸೂರಿನಡಿ, ಒಂದೇ ಸೂರು, ಸೂರು, ಸೂರು, ಸೂರು!” ಟೀಚರಮ್ಮಂದಿರೂ “ಸೂರ್! ಸೂರ್!” ಎಂದು ಕೂಗಿದರು. ಗುಡ್ಡದ ಆಡುಗಳು ಇಳಿದುಬಂದು ಗೋಡೆಯಾಚೆ ಸಾಲಾಗಿ ನಿಂತವು. ಕಾಗದದ ಹೂವಿನ ಬಳ್ಳಿ ಒಂದು ಗೇಣು ಬೆಳೆಯಿತು. ಬಂದರಿನಲ್ಲಿದ್ದ ಹಡಗುಗಳು ಯಾರೋ ಕರೆದರೆಂದು ಹಾರ್ನು ಕೊಟ್ಟವು. ಕೈ ಮೇಲೆತ್ತಿ ಬಿಟ್ಟಾಗ ರೋಸಲಿಂಡಳ ಮುಖ ಪೂರ್ತಿ ಒದ್ದೆಯಾಗಿತ್ತು. ಗ್ವೆನ್ ಮೇಡಂ ಮುಖವೂ ಹಾಗೇ ಇತ್ತು. ಅದು ಉತ್ಪ್ರೇಕ್ಷೆಯಲ್ಲ.

ಆಮೇಲೆ ಮೇಲೇರಿದ ಮನಸ್ಸು ನೆಲಕ್ಕೆ ಇಳಿಯಲು ಏನಾದರೂ ತಿನ್ನಬೇಕೆಂಬುದು ನಿಯಮ. ರೋಸಲಿಂಡಳ ನೆವ್ರಿಯೂ ದ್ರಾಕ್ಷಿ ಶರಬತ್ತೂ ಇತ್ತು. ನಾಲ್ಕು ದಿಕ್ಕುಗಳಿಗೆ ಧನ್ಯವಾದ ಹೇಳಿ ಮೇಡಂ ವೃತ್ತ ತೆರೆದರು. “ಮಂತ್ರ ಹಾಕಿದ ಮೇಲೆ ಕೈಯಿಂದಾಗುವ ಕೆಲಸವನ್ನೂ ಮಾಡಬೇಕು, ಡಿಯರ್,” ಎಂದು ಅವಳ ಕಿವಿಯಲ್ಲಿ ಹೇಳಿದರು. “ನಿನ್ನದನ್ನು ನಾನು ಮಾಡುತ್ತೇನೆ.”

ಶನಿವಾರ ವಾರದ ಮೊದಲ ದಿನ. ಬೆಳಿಗ್ಗೆ ಹಾರ್ಡಿಂಗ್ ಸಾಹೇಬರು ರೋಸಲಿಂಡಳನ್ನು ಒಳಗೆ ಕರೆದರು. ಕರೆದದ್ದಷ್ಟೇ ಅಲ್ಲ, ಎದ್ದು ನಿಂತರು.

“ರೋಸಲಿಂಡ್, ನನಗೆ ಗೊತ್ತೇ ಇರಲಿಲ್ಲ. ಗ್ವೆನ್ ಎಲ್ಲ ಹೇಳಿದಳು.”

ಅವಳ ಎದೆಯಲ್ಲಿ ಇಗರ್ಜಿಯ ಗಂಟೆ ಹೊಡೆಯಿತು. ಬಂತು! ಚಂದ್ರ ದಾರಿ ತಪ್ಪಿದರೂ ಕೆಲಸ ತಪ್ಪಲಿಲ್ಲ!

“ನೀನೇ ಬಾಯಿಬಿಟ್ಟು ಸೂರ್ ಬೇಕು ಅಂದೆಯಂತೆ. ಅತ್ತುಕೊಂಡು ಅಂದೆಯಂತೆ. ಆ ಆಫೀಸಿಗೆ ನಾನು ಯಾರನ್ನು ಕಳುಹಿಸಿದರೂ ವಾರದೊಳಗೆ ಜ್ವರ ಅಂತ ಓಡಿಬರುತ್ತಾರೆ. ನೀನು ಕೇಳಿಕೊಂಡು ಹೋಗುತ್ತಿದ್ದೀಯ! ಇಂಥ ಧೈರ್ಯದ ಮನುಷ್ಯರನ್ನು ನಾನು ನೋಡಿಲ್ಲ.” ಸಾಹೇಬರು ಕೈ ಚಾಚಿದರು. “ಸೂರ್ ಆಫೀಸಿನ ಇನ್‌ಚಾರ್ಜ್ ನೀನು. ಸಮುದ್ರದ ಎದುರಿನ ಕಂಪನಿ ಮನೆ ನಿಮ್ಮಿಬ್ಬರಿಗೆ. ಯಲ್ಲಾ, ತಡ ಬೇಡ, ಮುಂದಿನ ವಾರವೇ ಹೊರಡು. ಏನನ್ನುತ್ತೀ?”

ರೋಸಲಿಂಡಳ ಬಾಯಿ ತೆರೆಯಿತು. ಅದರಿಂದ ಬಂದದ್ದು, “ಆಫ್ ಕೋರ್ಸ್, ಸರ್.” ಧೈರ್ಯವಂತೆ ಎಂದ ಮೇಲೆ ಬೇರೇನು ಹೇಳುವುದು?

ಸಂಜೆ ಅಂಬುಜಮ್ಮನ ಅಡುಗೆಮನೆಯಲ್ಲಿ ಅವಳು ಕುಸಿದು ಕೂತಳು. “ನಾನು ಸೂರ್ ಅಂತ ಎಲ್ಲಿ ಹೇಳಿದೆ ಅಂಬುಜಮ್ಮ? ಆ ಊರಿನ ಹೆಸರು ಬಾಯಿಗೆ ಬಂದ್ರೆ ನಾನು ಬಾಯಿ ತೊಳಿಯುವವಳು!”

ಅಂಬುಜಮ್ಮ ಹುಳಿಗೆ ಒಗ್ಗರಣೆ ಹಾಕುತ್ತಿದ್ದವರು ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದರು. ಸಾಸಿವೆ ಸಿಡಿದು ಮುಗಿಯಿತು. ಕರಿಬೇವು ಕಪ್ಪಾಯಿತು. ಆಮೇಲೆ ಅವರು ಒಲೆ ಆರಿಸಿ, ನೆಲದ ಮೇಲೆ ಕೂತು, ನಗಲು ಶುರುಮಾಡಿದರು.

“ಅಯ್ಯೋ ರೋಸಲಿಂಡಮ್ಮ! ಸೂರು, ಸೂರು ಅಂತ ಆಡುಗಳೆಲ್ಲ ಬರೋ ಹಾಗೆ ಕೂಗಿದ್ದು ಯಾರು? ಮೇಡಂಗೆ ಕನ್ನಡದ ಸೂರು ಎಲ್ಲಿ ಗೊತ್ತು? ಅವರಿಗೆ ಗೊತ್ತಿರೋ ಸೂರು ಒಂದೇ!”

ರೋಸಲಿಂಡ್ ಮೆಲ್ಲಗೆ ತಲೆಯೆತ್ತಿ, “ಒಳ್ಳೆ ಕನ್ನಡದಲ್ಲಿ ಹೇಳ್ರೀ ಅಂದದ್ದು ಯಾರು?” ಎಂದಳು. “ಮಾಡು ಅಂತ ಹೇಳಿದ್ರೆ ಎಂತ ಆಗ್ತಿತ್ತು? ನನ್ನ ಪಾಡಿಗೆ ನಾನು ಮಾಡು ಅಂತ ಹೇಳ್ತಿದ್ದೆ!”

ಅಂಬುಜಮ್ಮನ ನಗು ನಿಂತಿತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಸರಿದರು. “ತಪ್ಪು ನಂದೇ ಕಣ್ರೀ. ನಾಳೆ ಇಬ್ಬರೂ ಹೋಗೋಣ. ಒಂದು ಪದ ಎರಡು ಅರ್ಥ ಆಯ್ತು ಅಂತ ನಾನೇ ಹೇಳ್ತೀನಿ. ಒಂದು ಸಲ ನಗ್ತಾರೆ, ಅಷ್ಟೇ.”

ಒಂದು ಸಲ ನಗುತ್ತಾರೆ! ಸಾಹೇಬರು ನಗುತ್ತಾರೆ, ಮಮ್ಮದ್ ನಗುತ್ತಾನೆ, ಕಾಯಿರ್ ಶ್ರುತಿಬದ್ಧವಾಗಿ ನಗುತ್ತದೆ. ಹೋದರೆ? ಸಮುದ್ರವೇ ಎದ್ದು ಬಂದು ಕರೆದರೂ ಇಲ್ಲ ಎಂದವಳು ಮೀನಿನ ಊರಿಗೆ ಹೊರಟಳೆಂದು ಆಗಲೂ ನಗುತ್ತಾರೆ. ಎರಡು ನಗೆಗಳ ನಡುವೆ ಸಿಕ್ಕಿಬಿದ್ದು ಅವಳು ಮೇಲಿನ ತನ್ನ ಫ್ಲ್ಯಾಟಿಗೆ ಹೋಗಿ ಸೂರ್ ಗೋದಾಮಿಗೆ ಫೋನು ಹಚ್ಚಿದಳು. ಬೈಯಲಿಕ್ಕೆ ಕೊನೆಗೆ ಗಂಡನಾದರೂ ಬೇಕಲ್ಲ.

“ನೋಡು ಸಿರಿಲ್, ನಿನ್ನ ಆ ಊರಿಗೆ ನನ್ನನ್ನು ಹಾಕಿದ್ದಾರೆ. ನಾನು ನಾಳೆ ಸಾಹೇಬರ ಹತ್ರ ಖಲಾಸ್, ಆಗ್ಲಿಕ್ಕಿಲ್ಲ ಅಂತ…”

ಆ ಕಡೆಯಿಂದ ಗೋದಾಮಿನ ಫ್ಯಾನು ಕಿರುಗುಟ್ಟುವುದು ಮಾತ್ರ ಕೇಳುತ್ತಿತ್ತು.

“ಹಲೋ? ಸತ್ತೆಯಾ ಹೇಗೆ?”

“ಇಲ್ಲ,” ಎಂದ ಸಿರಿಲ್. ಕಡಿಮೆ ಮಾತಿನವನು. ಮನೆಯ ಮಾತನ್ನೆಲ್ಲ ಅವಳೇ ಖರ್ಚು ಮಾಡುತ್ತಿದ್ದುದರಿಂದ ಅವನ ಪಾಲು ಹಾಗೇ ಉಳಿದಿತ್ತು. “ಬರ್ತೀಯಾ ಅಂತ ಕೇಳ್ಬೇಕು ಅಂತ ತುಂಬ ಸಲ ಆಯ್ತು ರೋಸಿ. ಸಮುದ್ರ ಕರೆದ್ರೂ ಇಲ್ಲ ಅಂತ ನೀನು ಎಲ್ಲರ ಎದುರು ಹೇಳಿದ್ದಿ. ಮತ್ತೆ ನಾನು ಹೇಗೆ ಕರೆಯುವುದು? ಇಲ್ಲಿ ಜಗಲಿಯಲ್ಲಿ ಎರಡು ಕುರ್ಚಿ ಇಟ್ಟಿದ್ದೇನೆ. ಒಂದರಲ್ಲಿ ಬೆಕ್ಕು ಕೂತ್ಕೊಳ್ತದೆ.”

ರೋಸಲಿಂಡ್ ಬರೆಟ್ಟೊ ಜೀವನದಲ್ಲಿ ಮೊದಲ ಬಾರಿಗೆ ಮಾತು ಸಿಗದೆ ನಿಂತಳು. ಅವಳ ನಾಲಗೆ ಒಂದು ದಿನ ಹಾರಿಸಿದ ಬಾವುಟದ ಕೆಳಗೆ ಇವನು ಇಷ್ಟು ಕಾಲ ಬೆಕ್ಕಿನ ಜೊತೆ ಕೂತಿದ್ದ. ಮಂತ್ರದಲ್ಲಿ ಕೇಳಿದ್ದೇನು? ಒಂದೇ ಸೂರು. ಮಸ್ಕತ್ತಿನ ಹೆಸರು ಎಲ್ಲಿತ್ತು ಅದರಲ್ಲಿ?

“ಬೆಕ್ಕನ್ನು ಎಬ್ಬಿಸು,” ಎಂದಳು ಕೊನೆಗೆ. “ಅದಕ್ಕೆ ನೋಟಿಸು ಕೊಡು. ಇನ್‌ಚಾರ್ಜ್ ಬರ್ತಾ ಇದ್ದಾರೆ ಅಂತ ಹೇಳು.”

ಮರುದಿನ ಭಾನುವಾರದ ಕಾಯಿರ್ ಪ್ರಾಕ್ಟೀಸಿನಲ್ಲಿ ಅವಳು ಎಲ್ಲರ ನಡುವೆ ನಿಂತು, ಯಾರಿಗೂ ನಗಲು ಸಂದು ಕೊಡದೆ, ಘೋಷಿಸಿದಳು. “ಸಮುದ್ರ ಕರೆದ್ರೂ ಹೋಗುವುದಿಲ್ಲ ಅಂತ ಹೇಳಿದ್ದೆ. ಸಮುದ್ರ ಸುಮಾರು ಸಲ ಕರೆಯಿತು, ನಾನು ಹೋಗ್ಲಿಲ್ಲ. ಈಗ ಕಂಪನಿಯೇ ಎದ್ದು ನಿಂತು ಕೈ ಮುಗಿದು ಕರೆದಿದೆ. ಇನ್ನೂ ಹೋಗದಿದ್ರೆ ಅಹಂಕಾರ ಆಗ್ತದೆ.” ಕಾಯಿರ್ ಚಪ್ಪಾಳೆ ತಟ್ಟಿತು. ಇದಕ್ಕಿಂತ ಸುರಕ್ಷಿತವಾದದ್ದು ಅವರಿಗೆ ತೋಚಲಿಲ್ಲ.

ಮುಂದಿನ ವಾರ ಮಮ್ಮದ್‌ನ ಪಿಕಪ್ಪಿನಲ್ಲಿ ಒಲೆ, ನೆವ್ರಿಯ ಬಾಣಲೆ, ಮಾತೆ ಮರಿಯಮ್ಮನ ಪಟ, ಅಂಬುಜಮ್ಮ ಕೊಟ್ಟ ರಂಗೋಲಿ ಡಬ್ಬಿ, ಗ್ವೆನ್ ಮೇಡಂ ಕೊಟ್ಟ ಲುಬಾನು ಎಲ್ಲ ಏರಿದವು. ಬೀಳ್ಕೊಡಲು ಬಂದ ಮೇಡಂ ಅವಳನ್ನು ತಬ್ಬಿಕೊಂಡು, “ಮೊದಲ ಮಂತ್ರವೇ ಇಷ್ಟು ನಿಖರವಾಗಿ ಫಲಿಸಿದ್ದನ್ನು ನಾನು ಕಂಡಿಲ್ಲ,” ಎಂದರು. ಅಂಬುಜಮ್ಮ ಬಾಯಿ ತೆರೆದರು. ರೋಸಲಿಂಡ್ ಅವರ ಕಾಲ್ಬೆರಳು ತುಳಿದಳು. ಅಂಬುಜಮ್ಮ ಬಾಯಿ ಮುಚ್ಚಿದರು.

“ಅಕ್ಷರ ಅಕ್ಷರ ಫಲಿಸಿತು, ಮೇಡಂ,” ಎಂದಳು ರೋಸಲಿಂಡ್. ತಲೆ ಎತ್ತಿಯೇ ಹೇಳಿದಳು. ಸುಳ್ಳೇನೂ ಇರಲಿಲ್ಲ ಅದರಲ್ಲಿ.

ಸೂರ್‌ನ ಮೊದಲ ಬೆಳಗು ಶುಕ್ರವಾರ. ಗಡಿಯಾರ ನೋಡುವವರು ಯಾರೂ ಇರಲಿಲ್ಲ. ರೋಸಲಿಂಡ್ ಜಗಲಿಗೆ ಬಂದು, ಕುರ್ಚಿಯ ಜೊತೆಗೇ ಈ ಮನೆಗೆ ಬಂದಿದ್ದ ಬೆಕ್ಕನ್ನು ಅದರಿಂದ ಇಳಿಸಿ, ಪುಟ್ಟ ಕೆಂಡಕ್ಕೆ ಲುಬಾನು ಹಾಕಿ, ಉಪ್ಪುನೀರು ಚಿಮುಕಿಸಿ ಹೊಸ ಮನೆಗೆ ತನ್ನ ವೃತ್ತ ಬರೆದಳು. ಶಿಲುಬೆಯ ಗುರುತನ್ನೂ ಹಾಕಿದಳು. ಚಂದ್ರನಿಗೂ ಮರಿಯಮ್ಮನಿಗೂ ಅವಳೇ ರಾಜಿ ಮಾಡಿಸಿಯಾಗಿತ್ತು. ಆಮೇಲೆ ನೀರಿನ ಬಟ್ಟಲು ಹಿಡಿದು ಸಮುದ್ರಕ್ಕೆ ಮುಖಮಾಡಿ ನಿಂತು, “ಪಡುವಣಕ್ಕೆ ನಮಸ್ಕಾರ,” ಎಂದಳು.

ಆ ಕ್ಷಣಕ್ಕೆ ಸರಿಯಾಗಿ, ಅವಳು ನಮಸ್ಕರಿಸಿದ ಕಡೆಯಿಂದಲೇ, ಸಮುದ್ರದ ಅಂಚು ಕೆಂಪಾಗಿ ಸೂರ್ಯ ಮೇಲೆದ್ದ.

ಚಹಾ ತಂದ ಸಿರಿಲ್ ಸೂರ್ಯನನ್ನು ನೋಡಿದ, ಹೆಂಡತಿಯನ್ನು ನೋಡಿದ. “ರೋಸಿ, ಅದು ಪಡುವಣವಾದ್ರೆ ಸೂರ್ಯ ಇವತ್ತು ಪಡುವಣದಲ್ಲಿ ಹುಟ್ಟಿದ ಹಾಗಾಯ್ತಲ್ಲ?”

ರೋಸಲಿಂಡ್ ಬಟ್ಟಲು ಕೆಳಗಿಟ್ಟು, ತನ್ನ ಕುರ್ಚಿಯಲ್ಲಿ ಕೂತು, ಚಹಾ ತೆಗೆದುಕೊಂಡಳು.

“ಹುಟ್ಲಿ,” ಎಂದಳು. “ನಾನು ಬಂದ ಊರಿನಲ್ಲಿ ಅಷ್ಟಾದ್ರೂ ಆಗ್ಬೇಡ್ವಾ?”